ಬಲ ತೊಡೆಯ ದಿನ

ಬೆಳಿಗ್ಗೆ ಕಸ್ತೂರೆವ್ವನ ಮಣಿಕಟ್ಟಿನ ಪಟ್ಟಿ ಎಂದಿನಂತೆ ನೆತ್ತರಿನ ಜಿಡ್ಡನ್ನು ಅಳೆದು, ‘ಇಂದು ಬಲ ತೊಡೆಯ ಮೂಳೆ’ ಎಂದು ತೋರಿಸಿತು. ಪಟ್ಟಿ ಹೆಸರಿಸಿದ ಮೂಳೆ ಹೊತ್ತು ಮುಳುಗುವುದರೊಳಗೆ ಮುರಿಯದೆ ಉಳಿದದ್ದನ್ನು ಊರಲ್ಲಿ ಯಾರೂ ಕಂಡಿರಲಿಲ್ಲ. ಆದರೂ ಎಲ್ಲರ ಮನೆಯಲ್ಲಿ ಮಾಡುವಂತೆ ಮಗಳು ಮಹಾನಂದಾ ಕೆಲಸಕ್ಕೆ ರಜೆ ಹಾಕಿ, ಎರಡು ಹತ್ತಿಯ ಗಾದಿ ಹಾಸಿ ತಾಯಿಯನ್ನು ಮಲಗಿಸಿದಳು. ವರ್ಷಗಟ್ಟಲೆ ಅವಳು ತಾಯಿಯ ತಾಟಿನಿಂದ ಬೆಣ್ಣೆ, ಎಣ್ಣೆ, ಕರಿದದ್ದನ್ನೆಲ್ಲ ದೂರವಿಟ್ಟಿದ್ದಳು. ನೆತ್ತರಿನ ಜಿಡ್ಡು ಇಳಿಯಲಿಲ್ಲ, ಅದು ಒಳಗೊಳಗೇ ಕೊರೆಯುವ ಮೂಳೆ ಮಾತ್ರ ಟೊಳ್ಳಾಗುತ್ತ ಹೋಯಿತು.

ಪಕ್ಕದ ಮನೆಯ ಶಂಕ್ರವ್ವ ಬಾಗಿಲಲ್ಲೇ ನಿಂತು ಕೇಳಿದಳು. “ಇವತ್ತ ಯಾವುದು?”

“ತೊಡಿ.”

“ಪಾಪ. ನಮ್ಮ ಮಾವಗ ಹೋದ ವಾರ ರಟ್ಟಿ ಬಂದಿತ್ತು,” ಎಂದು ಹೋದಳು.

ಮಧ್ಯಾಹ್ನ ದಾಟಿದ ಮೇಲೆ ಕಸ್ತೂರೆವ್ವ ಮೆಲ್ಲಗೆ ಕರೆದಳು. “ತಡಕೊಂಡು ತಡಕೊಂಡು ಸಾಕಾತವಾ. ಒಂದಕ್ಕ ಹೋಗಬೇಕು.”

“ಏಳಬ್ಯಾಡವ್ವಾ, ಪಾತ್ರಿ ಇಲ್ಲೇ ತರ್ತೀನಿ.”

ಮಹಾನಂದಾ ಪಾತ್ರೆ ತಂದು, ತಾಯಿಯ ಸೊಂಟದ ಕೆಳಗೆ ಎರಡೂ ಕೈ ಕೊಟ್ಟು, ಹಸುಗೂಸನ್ನು ಎತ್ತುವಂತೆ ಮೆತ್ತಗೆ ಎತ್ತಿದಳು. ಅವಳ ಕೈಯೊಳಗೇ ಮೂಳೆ ಲಟಕ್ಕೆಂದಿತು.

ಕಸ್ತೂರೆವ್ವ ಬೆವರೊಡೆದ ಮುಖವನ್ನು ಮಗಳ ಕಡೆ ತಿರುಗಿಸಿ, “ಅಳಬ್ಯಾಡ. ಮುರೀತಲ್ಲ, ಇನ್ನ ಅಂಜಿಕಿಲ್ಲ,” ಎಂದಳು.

ಕೈ ತೆಗೆದರೂ ತಾಯಿಗೆ ನೋವು, ತೆಗೆಯದಿದ್ದರೂ ನೋವು. ಫೋನು ಅಡುಗೆಮನೆಯಲ್ಲಿ ಉಳಿದಿತ್ತು. ತಾಯಿಯ ಭಾರವನ್ನು ಅಂಗೈಗಳಲ್ಲಿ ಹಾಗೇ ಹಿಡಿದುಕೊಂಡು ಮಹಾನಂದಾ, ಯಾರಾದರೂ ಬಂದಾರೆಂದು, ತೆರೆದ ಬಾಗಿಲಿನ ಕಡೆ ಕೂಗತೊಡಗಿದಳು.