ಹಗುರವಾದ ನೆಟ್‌ಬುಕ್

“ರೀ, ನನ್ನ ಧ್ವನಿ ಎಲ್ಲಿ?”

ಹೆಂಡತಿಯ ಕೂಗು ಬಂದದ್ದು ಮಲಗುವ ಕೋಣೆಯ ಬಟ್ಟೆ ಬೀರುವಿನೊಳಗಿಂದ. ಹೊರಗೆ ಊಟದ ಮೇಜಿನ ಬಳಿ ಗಂಡ ತನ್ನ ಲ್ಯಾಪ್‌ಟಾಪಿನಲ್ಲಿ ಪತ್ರಿಕೆಯ ವಾರದ ಅಂಕಣ ಮುಗಿಸುತ್ತಿದ್ದ. ಮುದಿ ಕಂಪ್ಯೂಟರುಗಳಿಗೆಂದೇ ಮಾಡಿದ, ಬಿಟ್ಟಿಯಾಗಿ ಸಿಗುವ, ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಒಂದು ಹಗುರ ಲಿನಕ್ಸ್‌ನ ವಿಮರ್ಶೆ ಅದು. ತಲೆಬರಹ ಆಗಲೇ ಸಿದ್ಧವಾಗಿತ್ತು: ‘ಹಗುರವೆಂದರೆ ಹೀಗಿರಬೇಕು!’ ಗುಣಗಳನ್ನು ಉದ್ದಕ್ಕೆ ಹೊಗಳಿ, ‘ದೋಷಗಳು’ ಎಂಬುದರ ಮುಂದೆ ‘ಏನೂ ಕಾಣಲಿಲ್ಲ’ ಎಂದು ಆಗಷ್ಟೇ ಬರೆದಿದ್ದ.

“ಧ್ವನಿ ನಿನ್ನ ಗಂಟಲಲ್ಲೇ ಇದೆಯಲ್ಲೇ, ಬೀದಿಗೆಲ್ಲ ಕೇಳ್ತಿದೆ,” ಎಂದು ನಕ್ಕ.

ಅವಳು ಅಂಗೈಯಗಲದ ಹಳೆಯ ಪುಟ್ಟ ಲ್ಯಾಪ್‌ಟಾಪು, ತನ್ನ ನೆಟ್‌ಬುಕ್ಕನ್ನು ತೆರೆದು ಹಿಡಿದುಕೊಂಡೇ ಹೊರಬಂದಳು. “ನಗಬೇಡಿ. ಏನಿದು? ನನ್ನ ಪಾಠಗಳೆಲ್ಲ ಎಲ್ಲಿ ಹೋದ್ವು?”

“ಅದರಲ್ಲಿ ಪಾಠ ಇತ್ತಾ? ಕಂಬಳಿಗಳ ಮಧ್ಯೆ ಬಿದ್ದಿತ್ತು. ಯಾರಿಗೂ ಬೇಡದ್ದು ಅಂತ ಲಿನಕ್ಸ್ ಹಾಕಿ ನೋಡ್ದೆ.”

ಯಾರಿಗೂ ಬೇಡದ್ದಂತೆ! ಕಣ್ಣು ಕಾಣದ ಮಕ್ಕಳ ಶಾಲೆಗೆ ಅವಳು ಪಾಠಗಳನ್ನು ಓದಿ ರೆಕಾರ್ಡ್ ಮಾಡಿಕೊಡುತ್ತಾಳೆ. ಬೀದಿಯ ಹಾರನ್ನು, ಪಕ್ಕದ ಮನೆಯ ನಾಯಿ, ಗಂಡನ ಟೈಪಿಂಗು ಯಾವುದೂ ನುಸುಳಬಾರದೆಂದು ಬೀರುವಿನೊಳಗೆ ಕೋಟು ಕಂಬಳಿಗಳ ನಡುವೆ ಮೊಣಕಾಲು ಮಡಚಿ ಕೂತು, ಬೆವರು ಒರೆಸಿಕೊಳ್ಳುತ್ತ ಓದುತ್ತಾಳೆ. ಒಳಗೆ ಫ್ಯಾನಿಲ್ಲದ, ತುಟಿಪಿಟಕ್ಕೆನ್ನದ ಯಂತ್ರ ಮನೆಯಲ್ಲಿ ಅದೊಂದೇ. ಊರಿನವರ ಯಂತ್ರಗಳ ಹೊಟ್ಟೆ ಬಗೆದು ಗುಣದೋಷ ಹೇಳುವ ಈ ಮಹಾಶಯ, ಹೆಂಡತಿ ಎಲ್ಲಿ ಕೂತು, ಯಾವುದರಲ್ಲಿ ಓದುತ್ತಾಳೆಂದು ಒಂದು ದಿನವೂ ವಿಚಾರಿಸಿದವನಲ್ಲ.

“ಶಾಲೆಗೆ ಕಳಿಸಿರ್ತೀಯಲ್ಲ?” ಅವನ ನಗು ಅರ್ಧಕ್ಕೇ ನಿಂತಿತ್ತು.

“ತಪ್ಪು ತಿದ್ದಿ ಇವತ್ತು ಕಳಿಸೋಳಿದ್ದೆ. ಇಡೀ ಇತಿಹಾಸದ ಪುಸ್ತಕ ರೀ! ಮುಂದಿನ ವಾರ ಪರೀಕ್ಷೆ. ಆ ಮಕ್ಕಳು ಈಗ ಏನು ಕೇಳಿ ಓದ್ಕೋಬೇಕು, ನಿಮ್ಮ ವಿಮರ್ಶೆನಾ?”

“ಅಳಿಸಿದ್ದನ್ನ ವಾಪಸ್ ತರೋ ಸಾಫ್ಟ್‌ವೇರ್ ಇರುತ್ತೆ… ಅದರ ಮೇಲೆ ಹೊಸದು ಕೂತುಬಿಟ್ಟಿದ್ರೆ ಕಷ್ಟ.”

“ಹಾಕೋವಾಗ ಅದು ನಿಮ್ಮನ್ನ ಒಂದು ಮಾತೂ ಕೇಳ್ಲಿಲ್ವಾ?”

“ಕೇಳ್ತು.”

“ಏನಂತ?”

“ಇದರಲ್ಲಿರೋದೆಲ್ಲ ಅಳಿಸಿಹೋಗುತ್ತೆ, ಖಚಿತವೇ ಅಂತ.”

ಅವಳ ಪಿತ್ತ ನೆತ್ತಿಗೇರಿತು. “ಬಿಟ್ಟಿ ಸಿಕ್ಕಿದ ಜಡವಸ್ತು ರೀ ಅದು! ಅದಕ್ಕೂ ಒಂದು ಮಾತು ಕೇಳ್ಬೇಕು ಅನ್ನಿಸ್ತು. ನೀವು ನನ್ನನ್ನ ಕೇಳಿದ್ರಾ? ಹಗುರ ಹಗುರ ಅಂತ ಹಾಡಿ ಹೊಗಳ್ತಿದ್ದೀರಲ್ಲ, ಈ ಮನೇಲಿ ಹಗುರ ಆಗಿರೋದು ನಾನು. ನಿಮ್ಮ ಕಣ್ಣಿಗೆ ನಾನು ಹಗುರ, ಆ ಮಕ್ಕಳು ನನಗಿಂತ ಹಗುರ!”

“ತಪ್ಪಾಯ್ತು ಕಣೇ. ಅರ್ಧ ನಾನು ಓದಿಕೊಡ್ಲಾ?”

“ಬೇಡ. ಮಕ್ಕಳಿಗೆ ನನ್ನ ದನಿ ಅಭ್ಯಾಸ ಆಗಿದೆ. ನಿಮ್ಮ ಕೈಲಾಗೋ ಉಪಕಾರ ಒಂದೇ. ಆ ಫ್ಯಾನು, ಫೋನು ಎರಡೂ ಆರಿಸಿ. ಕೀಬೋರ್ಡ್ ಮುಟ್ಟಬೇಡಿ. ನಿಮ್ಮ ಟಕಟಕ ಬೀರುವಿನೊಳಗೂ ಕೇಳುತ್ತೆ.”

“ಸಂಜೆಯೊಳಗೆ ಅಂಕಣ ಕಳಿಸ್ಬೇಕಿತ್ತು…”

“ಕಳಿಸಿ. ನಾನು ಪುಸ್ತಕ ಮುಗಿಸಿದ ಮೇಲೆ.”

ಬೀರುವಿನ ಬಾಗಿಲು ದಢಾರನೆ ಮುಚ್ಚಿತು. ಫ್ಯಾನು ನಿಧಾನವಾಗಿ ತಿರುಗುವುದನ್ನು ನಿಲ್ಲಿಸಿತು. ಗಂಡ ಬೆವರುತ್ತ ಕೂತ. ಪರದೆಯ ಮೇಲೆ ‘ದೋಷಗಳು: ಏನೂ ಕಾಣಲಿಲ್ಲ’ ಎಂಬ ಸಾಲು ಹಾಗೇ ಇತ್ತು. ಅಳಿಸಲು ಬೆರಳು ಚಾಚಿದವನು, ಸದ್ದಾದೀತೆಂದು ಹಿಂದಕ್ಕೆಳೆದುಕೊಂಡ. ಕಂಬಳಿಗಳ ಒಳಗಿಂದ ಅವಳ ದನಿ ಬಂತು. ಅದರಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ. ಮಕ್ಕಳಿಗೆ ತಿಳಿಯುವಂತೆ, ಬಿಡಿಸಿ ಬಿಡಿಸಿ ಹೇಳುತ್ತಿತ್ತು:

“ಪಾಠ ಒಂದು.”