ನಲವತ್ತಮೂರನೇ ಫ್ರಿಜ್

"ನೋಡಿ ಸರ್, ಮತ್ತೆ ಹೋದ!" ಫ್ರಿಜ್ ಬಿಸಿಯಾದರೆ ಬೆಲ್ ಕೂಗಿಸುವ ಪ್ರೋಗ್ರಾಂ ಬರೆದವಳು ಪರದೆಯ ಮೇಲೆ ಬೆರಳಿಟ್ಟಳು. ಕ್ಯಾಮೆರಾ ಚಿತ್ರದಲ್ಲಿ ರಕ್ತನಿಧಿಯ ಅಟೆಂಡರ್, ನಲವತ್ತೊಂದರಿಂದ ನಂಬರು ಹಾಕಿದ ಹೊಸ ಸಾಲಿನ ಫ್ರಿಜ್‌ಗಳ ಮುಂದೆ ನಿಂತಿದ್ದ. ಅರ್ಧ ಗಂಟೆಗೊಮ್ಮೆ ಅಲ್ಲಿಗೇ. ಹಳೇ ಸಾಲಿನ ಇಪ್ಪತ್ತೆಂಟು ಫ್ರಿಜ್‌ಗಳ ಕಡೆ ಇಡೀ ವಾರ ತಿರುಗಿಯೂ ನೋಡಿರಲಿಲ್ಲ. "ಭಾನುವಾರ ಇವನ ರಜೆ. ಅವತ್ತೇ ನಲವತ್ತಮೂರನೇದು ಕೆಟ್ಟು ಅಷ್ಟೂ ರಕ್ತ ಹಾಳಾಯ್ತು, ಬೆಲ್ ಕೂಗ್ಲೇ ಇಲ್ಲ. ಹಿಂದಿನ ದಿನವೇ ಏನೋ ಕೈ ಆಡಿಸಿ ಹೋಗಿದಾನೆ. ಇನ್ನೇನು ಸಾಕ್ಷಿ ಬೇಕು?"

ಮೇಲ್ವಿಚಾರಕರು ಒಂದು ಹಾಳೆಯನ್ನು ಅವಳತ್ತ ಸರಿಸಿದರು. "ಪ್ರೋಗ್ರಾಂನಲ್ಲಿ ತಪ್ಪಿಲ್ಲ, ತಪ್ಪು ಇವನದು ಅಂತ ಹೆಸರು ಬರೆದಿದೀನಿ, ಸಹಿ ಹಾಕಿ. ಇವತ್ತೇ ಅವನನ್ನ ಮನೆಗೆ ಕಳಿಸ್ತೀನಿ."

ಅಟೆಂಡರ್‌ನನ್ನು ಕರೆಸಿದರು. ವಯಸ್ಸಿನಲ್ಲಿ ಅವಳ ಚಿಕ್ಕಪ್ಪನಂತಿದ್ದ; ಆದರೂ ಅವಳ ಬಾಯಲ್ಲಿ ಅವನಿಗೆ ಏಕವಚನವೇ. "ಹೊಸ ಸಾಲಲ್ಲಿ ಏನು ಕೆಲಸ ನಿಂಗೆ?"

"ಆ ಎಂಟು ಫ್ರಿಜ್ ಯಾವತ್ತೂ ಕೂಗಿಲ್ಲ ಮೇಡಂ. ಬಾಗಿಲು ತೆಗೆದಿಟ್ರೂ ಕೂಗಲ್ಲ. ಅದಕ್ಕೇ ಒಳಗೆ ಕೈಯಿಟ್ಟು ನೋಡಿ ಬರ್ತೀನಿ."

ಎಂಥ ಕಥೆ ಕಟ್ಟುತ್ತಾನಪ್ಪಾ! ಅವಳಿಗೆ ಮೈಯೆಲ್ಲ ಉರಿಯಿತು. ಲ್ಯಾಪ್‌ಟಾಪ್ ತೆರೆದು ನಲವತ್ತೊಂದರಿಂದ ನಲವತ್ತೆಂಟರವರೆಗೆ ಒಂದೊಂದಾಗಿ ಕೂಗಿಸಿ ತೋರಿಸಿದಳು. ಅವನು ಮುಖ ಸಪ್ಪೆ ಮಾಡಿಕೊಳ್ಳಲಿಲ್ಲ. "ಅದು ನಿಮ್ಮ ಕಂಪ್ಯೂಟರು. ಗೋಡೆ ಮೇಲಿನ ಬೆಲ್ ಡಬ್ಬಿಯಲ್ಲಿ ಕೂಗಿಸಿ ನೋಡೋಣ."

ಹಟಕ್ಕೆ ಬಿದ್ದೇ ಹೋದಳು. ಏಳನೇ ಫ್ರಿಜ್‌ನ ಶಾಖ ಅಳೆಯುವ ಕಡ್ಡಿಯನ್ನು ಹೊರಗೆಳೆದು ಮುಷ್ಟಿಯಲ್ಲಿ ಹಿಡಿದಳು. ಗೋಡೆಯ ಡಬ್ಬಿ ಕಿವಿ ಕಿತ್ತುಹೋಗುವಂತೆ ಕೂಗಿತು. "ಕೇಳಿಸ್ತಾ?" ಎಂದು ಮೇಲ್ವಿಚಾರಕರತ್ತ ತಿರುಗಿದಳು. ಆಮೇಲೆ ರಿಪೇರಿಯಾಗಿದ್ದ ನಲವತ್ತಮೂರರ ಕಡ್ಡಿ ಹಿಡಿದಳು. ಒಂದು ನಿಮಿಷ, ಎರಡು ನಿಮಿಷ. ಅಂಗೈ ಬೆವರಿತು, ಡಬ್ಬಿ ಉಸಿರೆತ್ತಲಿಲ್ಲ. ಡಬ್ಬಿಯ ತಂತಿಗೂ ಇವನು ಕೈ ಹಾಕಿರಬೇಕು ಎಂದು ಮುಚ್ಚಳ ಬಿಚ್ಚಿ ನೋಡಿದಳು. ಅವಳೇ ಅಂಟಿಸಿದ್ದ ಸೀಲು ಒಳಗೆ ಹಾಗೇ ಇತ್ತು.

ತಾನು ಬರೆದ ಸಾಲುಗಳನ್ನು ಆಗ ಓದಲು ಕೂತಳು. ಫ್ರಿಜ್‌ಗೊಂದು ಮನೆ, ಯಾವುದು ಬಿಸಿಯಾದರೂ ಒಂದು ಎಂಬ ಅಂಕಿಯನ್ನು ಅದರ ನಂಬರಿನಷ್ಟು ಮನೆ ಎಡಕ್ಕೆ ತಳ್ಳುವುದು, ಇಷ್ಟೇ ಲೆಕ್ಕ. ಆ ಒಂದಕ್ಕೆ ಎಷ್ಟು ಮನೆಗಳ ಅಳತೆಯೆಂದು ಅವಳು ಬರೆದಿರಲಿಲ್ಲ. ಬರೆಯದಿದ್ದರೆ ಅದು ನಿಂತ ಜಾಗ ನೋಡಿ ಅಳತೆ ಪಡೆಯುತ್ತದೆ. ಆ ಜಾಗವೂ ಏನೂ ಹೇಳದಿದ್ದರೆ ಆಯಾ ಯಂತ್ರದ ಮಾಮೂಲಿ ಅಳತೆ. ಅವಳ ಲ್ಯಾಪ್‌ಟಾಪಿನಲ್ಲಿ ಅದಕ್ಕೆ ಅರವತ್ತನಾಲ್ಕು ಮನೆ. ಗೋಡೆಯ ಅಗ್ಗದ ಡಬ್ಬಿಯಲ್ಲಿ ಮೂವತ್ತೆರಡೇ; ಹಳೇ ಸಾಲಿನ ಇಪ್ಪತ್ತೆಂಟಕ್ಕೆ ಅದು ಸಾಕು, ನಲವತ್ತಮೂರಕ್ಕೆ ಸಾಲದು. ಮುಂದಿನ ಸಾಲಿನಲ್ಲಿ ಅದನ್ನು ದೊಡ್ಡ ಅಳತೆಗೆ ಏರಿಸಿದ್ದಳು ನಿಜ, ಆದರೆ ಅಷ್ಟರಲ್ಲೇ ಆ ಒಂದು ಎಂಬ ಅಂಕಿ ಕೊನೆಯ ಮನೆಯ ಅಂಚು ದಾಟಿ ಬಿದ್ದು ಸೊನ್ನೆಯಾಗಿತ್ತು. ತಪ್ಪಾಯಿತೆಂದು ಯಂತ್ರ ಚಕಾರ ಎತ್ತಿರಲಿಲ್ಲ.

ನಾಚಿಕೆಯಿಂದ ತಲೆ ಮೇಲೆತ್ತಲಾಗಲಿಲ್ಲ. "ನೀವು... ಇದನ್ನ ಮೊದಲೇ ಹೇಳಬಾರದಿತ್ತಾ?"

"ಹೇಳಿದ್ನಲ್ಲ ಮೇಡಂ, ಹೊಸ ಸಾಲು ಬಂದ ವಾರವೇ. ನಿನ್ನ ಕೆಲಸ ನೀನು ನೋಡ್ಕೋ ಅಂದ್ರಿ. ಅದಕ್ಕೆ ನೋಡ್ಕೊಂಡೆ." ಅವನು ನಲವತ್ತಮೂರರತ್ತ ನೋಡಿದ. "ಭಾನುವಾರ ಒಂದಿನ ನೋಡ್ಕೊಳ್ಳಕ್ಕಾಗ್ಲಿಲ್ಲ."

ಮೇಲ್ವಿಚಾರಕರು ಕೆಮ್ಮಿ ಕಿಟಕಿಯತ್ತ ನೋಡಿದರು. ಅವಳು ಅದೇ ಹಾಳೆಯಲ್ಲಿ ಅಟೆಂಡರನ ಹೆಸರು ಹೊಡೆದುಹಾಕಿ ತನ್ನ ಹೆಸರು ಬರೆದಳು. ಆಮೇಲೆ ಆ ಒಂದಕ್ಕೆ ಅಳತೆ ಬರೆದು ಡಬ್ಬಿಗೆ ಹೊಸ ಪ್ರೋಗ್ರಾಂ ಹಾಕಿ ನಲವತ್ತಮೂರರ ಕಡ್ಡಿಯನ್ನು ಮತ್ತೆ ಮುಷ್ಟಿಯಲ್ಲಿ ಹಿಡಿದಳು. ಈ ಸಲ ಡಬ್ಬಿ ಕೂಗಿತು. ಕಡ್ಡಿ ಒಳಗಿಟ್ಟ ಮೇಲೆ ಸುಮ್ಮನಾಯಿತು.

"ಇನ್ನು ಪರವಾಗಿಲ್ಲ, ನೀವು ಕೂತ್ಕೊಳ್ಳಿ," ಎಂದಳು.

ಅವನು ಗೋಡೆ ಗಡಿಯಾರ ನೋಡಿದ. ಅರ್ಧ ಗಂಟೆಯಾಗಿತ್ತು. ಅವಳ ಪಕ್ಕದಿಂದ ಹಾದುಹೋಗಿ ನಲವತ್ತೊಂದರ ಬಾಗಿಲು ತೆಗೆದು, ಒಳಗೆ ಅಂಗೈ ಇಟ್ಟು ನೋಡಿದ.