ಊಟವಾದರೆ ನಿಲ್ಲುವ ಬಕೆಟ್ಟು

ಟ್ರ್ಯಾಕ್ಟರಿನ ಮುಂದೆ ಮಣ್ಣೆತ್ತಲು ಜೋಡಿಸಿದ ಲೋಡರಿನ ಬಕೆಟ್ಟನ್ನು ಎತ್ತಿ ನಿಲ್ಲಿಸಿ, ಸಿಲಿಂಡರಿನ ಮೇಲ್ತುದಿಯ ಪೈಪು ಬಿಚ್ಚಿ, ಮೆಕ್ಯಾನಿಕ್ ನಾದಿನಿ ಅದರ ಬಾಯಿಗೆ ಬೆರಳಿಟ್ಟು ನೋಡಿದಳು. ಹನಿ ಎಣ್ಣೆಯೂ ಅಂಟಲಿಲ್ಲ.

"ಒಳಗಿನ ಸೀಲು ಗಟ್ಟಿಯಾಗಿದೆ ಭಾವ. ಹೋಗಿದ್ರೆ ಎಣ್ಣೆ ಇಲ್ಲಿ ಸುರೀಬೇಕಿತ್ತು."

"ಮತ್ತೆ ಬೆಳಿಗ್ಗೆಯೆಲ್ಲ ಬಕೆಟ್ಟು ತಾನಾಗೇ ಇಳಿಯುತ್ತಲ್ಲ, ದೆವ್ವ ಇಳಿಸುತ್ತಾ?" ಟ್ರ್ಯಾಕ್ಟರ್ ಓಡಿಸುವ ಭಾವ ರೇಗಿದ. ನಿನ್ನೆ ಬಕೆಟ್ಟಿನ ಕೆಳಗಿದ್ದ ಕೂಲಿಯವನ ಕಾಲು ಕೂದಲೆಳೆಯಲ್ಲಿ ಉಳಿದಿತ್ತು. ಸಿಲಿಂಡರ್ ಬಿಚ್ಚಲೇಬೇಕೆಂದು ಅವನ ಹಟ. "ಊಟ ಆದ್ಮೇಲೆ ಮಾತ್ರ ಹೇಳಿದಂಗೆ ಕೇಳುತ್ತೆ. ಬಿಸಿಯಾಗಬೇಕೇನೋ."

ಅವಳ ಕಿವಿ ನೆಟ್ಟಗಾಯಿತು. ಬಿಸಿಯಾದರೆ ಎಣ್ಣೆ ತೆಳುವಾಗಿ ಇನ್ನೂ ಹೆಚ್ಚು ಸೋರಬೇಕು. ಇದು ತಿರುಗುಮುರುಗು.

"ಬುತ್ತಿ ಚೀಲ ಎಲ್ಲಿ ನೇತು ಹಾಕ್ತೀರಾ?"

"ಅಲ್ಲೇ, ಬಕೆಟ್ಟು ಏರಿಸಿ ಇಳಿಸೋ ಲಿವರಿಗೆ. ಬೇರೆ ಕೊಕ್ಕೆ ಎಲ್ಲಿದೆ?"

ಅವಳು ಪೈಪು ಬಿಗಿದು, ಬಕೆಟ್ಟನ್ನು ಮತ್ತೆ ಎತ್ತಿ, ತುಂಬಿದ ಚೀಲವನ್ನು ಲಿವರಿಗೆ ತಗುಲಿಸಿದಳು. ಲಿವರ್ ಎಳ್ಳಷ್ಟು ವಾಲಿತು. ಬಕೆಟ್ಟು ತೂಕಡಿಸುವವನ ತಲೆಯಂತೆ ಮೆಲ್ಲಗೆ ಇಳಿಯತೊಡಗಿತು. ಚೀಲ ತೆಗೆದಳು, ಅಲ್ಲೇ ನಿಂತಿತು.

"ಸಿಲಿಂಡರ್ ಚೆನ್ನಾಗಿದೆ ಭಾವ. ಅಕ್ಕನ ಬುತ್ತಿ ಕಟ್ಟೋ ಕೈ ದೊಡ್ಡದು, ಅಷ್ಟೇ."

ಭಾವ ಚೀಲವನ್ನು ಹೆಗಲಿಗೇರಿಸಿಕೊಂಡು, ಅತ್ತಿತ್ತ ನೋಡಿ ದನಿ ತಗ್ಗಿಸಿದ: "ಅವಳ ಹತ್ರ ಮಾತ್ರ ಬಾಯಿ ಬಿಡಬೇಡ. ನಾಳೆಯಿಂದ ಬುತ್ತಿ ರಿಪೇರಿ ಮಾಡಿಬಿಡ್ತಾಳೆ."